ಒಂಬತ್ತು ಬಾಟಲಿಗಳಿಗೆ ಒಂದೇ ಹೊಗಳಿಕೆ ಸಾಲದು

ಆತ್ಮೀಯರೆ,

ನಮಸ್ಕಾರ. ಲಂಡನ್ನಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಎಂಟು ಜನ ಸೇರಿ, ಫ್ರಾನ್ಸಿನ ಬೋರ್ಡೋ ಪ್ರದೇಶದ 1986ನೇ ಇಸವಿಯ ಕೆಂಪು ವೈನ್‌ಗಳ ಒಂಬತ್ತು ಬಾಟಲಿಗಳನ್ನು ಒಂದೇ ಸಂಜೆ ತೆರೆದು ರುಚಿ ನೋಡಿದ ಬಗ್ಗೆ ನೀವು ಬರೆದ ಲೇಖನವನ್ನೂ, ಅದರೊಡನೆ ಕಳಿಸಿದ ಪತ್ರವನ್ನೂ ಗಮನವಿಟ್ಟು ಓದಿದ್ದೇನೆ. ಲೇಖನವನ್ನು ಈಗಿನ ರೂಪದಲ್ಲಿ ನಾವು ಪ್ರಕಟಿಸಲಾರೆವು. ಆದರೆ ನೀವು ಅದನ್ನು ಕೈಬಿಡಬಾರದು ಎಂಬುದು ನನ್ನ ಒತ್ತಾಯ, ಏಕೆಂದರೆ ಲೇಖನದಲ್ಲಿ ಇಲ್ಲದ ಸತ್ವ ನಿಮ್ಮ ಪತ್ರದಲ್ಲಿದೆ.

ಮೊದಲ ತಕರಾರು ಹೊಗಳಿಕೆಯದು. ಒಂಬತ್ತು ವೈನ್‌ಗಳಲ್ಲಿ ಏಳನ್ನು ನೀವು 'ಅದ್ಭುತ' ಎಂದಿದ್ದೀರಿ, ಆರನ್ನು 'ರೇಷ್ಮೆಯಂತಹುದು' ಎಂದಿದ್ದೀರಿ. ಓದಿ ಮುಗಿಸಿದ ಮೇಲೆ ಯಾವ ಬಾಟಲಿ ಯಾವುದಕ್ಕಿಂತ ಹೇಗೆ ಬೇರೆಯಾಗಿತ್ತು ಎಂಬುದು ನನಗೆ ತಿಳಿಯಲಿಲ್ಲ. ಒಂದೇ ವರ್ಷದ ವೈನ್‌ಗಳನ್ನು ಸಾಲಾಗಿ ಇಟ್ಟು ಸವಿಯುವುದರ ಉದ್ದೇಶವೇ ಈ ವ್ಯತ್ಯಾಸವನ್ನು ಕಾಣುವುದು. ಬಿಸಿಲು, ಮಳೆ, ವಯಸ್ಸು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಲೋಟದಿಂದ ಲೋಟಕ್ಕೆ ಬದಲಾಗುವುದು ಮಣ್ಣಿನದು, ದ್ರಾಕ್ಷಿ ತಳಿಯದು, ಮಾಡಿದವರ ಕೈಯದು, ಆಮೇಲೆ ಬಾಟಲಿ ಇಷ್ಟು ವರ್ಷ ಎಲ್ಲಿ ಹೇಗೆ ಮಲಗಿತ್ತು ಎಂಬುದರದು. ಎಲ್ಲವೂ ಅದ್ಭುತವಾಗಿದ್ದರೆ ಒಂಬತ್ತು ತೆರೆಯುವ ಅಗತ್ಯವೇ ಇರಲಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಕೊರತೆ: 1986 ಎಂಥ ವರ್ಷ ಎಂದು ಲೇಖನದಲ್ಲಿ ಎಲ್ಲಿಯೂ ಹೇಳಿಲ್ಲ. ಇಸವಿ ಬರೀ ಲೇಬಲ್ಲಿನ ಮೇಲಿನ ಅಂಕಿಯಾಗಿ ಉಳಿದಿದೆ. ಆ ವರ್ಷ ಬೋರ್ಡೋದಲ್ಲಿ ಬೇಸಿಗೆ ಒಣಗಿತ್ತು, ಫಸಲು ಹೇರಳವಾಗಿತ್ತು, ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಜೋರು ಮಳೆ ಬಂತು. ಆ ಮಳೆ ಬೋರ್ಡೋ ನಗರದ ಸುತ್ತ ಹೆಚ್ಚು ಸುರಿಯಿತು. ಮೆದಾಕ್ ಪ್ರಾಂತ್ಯದ ಉತ್ತರ ಭಾಗಕ್ಕೆ ಅದರ ಪೆಟ್ಟು ಕಡಿಮೆ. ಮೆರ್ಲೋ ಬೇಗ ಹಣ್ಣಾಗುವ ತಳಿಯಾದ್ದರಿಂದ ಮಳೆಯ ಹೊತ್ತಿಗೆ ಕೊಯ್ಲಿಗೆ ಬಂದಿತ್ತು ಅಥವಾ ಬರುವುದರಲ್ಲಿತ್ತು. ಕ್ಯಾಬರ್ನೆ ಸೊವಿನ್ಯೋನ್ ತಡವಾಗಿ ಹಣ್ಣಾಗುತ್ತದೆ. ಮಳೆ ನಿಂತ ಮೇಲಿನ ಒಣಹವೆಯಲ್ಲಿ ಅದನ್ನು ಬಳ್ಳಿಯಲ್ಲೇ ಬಿಟ್ಟು ಕಾದವರಿಗೆ ದಪ್ಪ ಸಿಪ್ಪೆಯ, ಒಗರು ಕೊಡುವ ಟ್ಯಾನಿನ್ ತುಂಬಿದ ಹಣ್ಣು ಸಿಕ್ಕಿತು. ಆದ್ದರಿಂದಲೇ ಮೆದಾಕ್‌ನ ಪೊಯಾಕ್, ಸ್ಯಾನ್ ಜೂಲಿಯಾನ್‌ಗಳಂಥ ಕ್ಯಾಬರ್ನೆ ಪ್ರಧಾನ ಊರುಗಳಲ್ಲಿ 1986 ಬಹಳ ಗಟ್ಟಿಯಾದ, ಪರಿಮಳ ಬಿಟ್ಟುಕೊಡದೆ ಬಹಳ ಕಾಲ ಮುಚ್ಚಿಕೊಂಡೇ ಇದ್ದ ವರ್ಷ ಎಂದು ಹೆಸರಾಯಿತು. ಅದಕ್ಕೆ ಹಿಂದಿನ 1985 ಎಳೆಯದರಲ್ಲೇ ಹಿತವಾಗಿ ಕುಡಿಯಲು ಬಂದ ವರ್ಷ. 1982 ಬಿಸಿಲುಂಡ, ದುಂಡಗಿನ, ಮೊದಲಿನಿಂದಲೂ ಮೆಚ್ಚುಗೆ ಪಡೆದ ವರ್ಷ. ಈ ಹಿನ್ನೆಲೆ ಒಂದು ಪ್ಯಾರಾದಲ್ಲಿ ಬಂದರೆ ಓದುಗರಿಗೆ ನಿಮ್ಮ ಮೇಜಿನ ಮೇಲೆ ಏನು ನಡೆಯಬಹುದು ಎಂಬ ಕುತೂಹಲ ಹುಟ್ಟುತ್ತದೆ.

ಈಗ ನಿಮ್ಮದೇ ಎರಡು ವಾಕ್ಯಗಳನ್ನು ನೋಡಿ. 'ಪೊಮೆರೋಲ್ ವೈನ್ ಮೊದಲು ಬಂತು, ಚೆನ್ನಾಗಿತ್ತು, ಆದರೆ ಬೇಗ ಮುಗಿದಂತೆನಿಸಿತು. ಗ್ರೂಓ ಲಾರೋಸ್ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡರು.' ಇದು ಲೇಖನದ ಜೀವ. ಪೊಮೆರೋಲ್ ಬೋರ್ಡೋದ ನದಿಗಳ ಬಲದಂಡೆಯದು, ಅಲ್ಲಿ ಮೆರ್ಲೋ ಹೆಚ್ಚು. ಗ್ರೂಓ ಲಾರೋಸ್ ಎಂಬ ತೋಟ ಎಡದಂಡೆಯ ಸ್ಯಾನ್ ಜೂಲಿಯಾನ್‌ನದು, ಅಲ್ಲಿ ಕ್ಯಾಬರ್ನೆ ಹೆಚ್ಚು. ಸೆಪ್ಟೆಂಬರ್ ಮಳೆಯ ಕಥೆ ದಶಕಗಳ ನಂತರ ನಿಮ್ಮ ಎಂಟು ಜನರ ಬಾಯಲ್ಲಿ ನಡೆದಿದೆ, ನೀವು ಅದನ್ನು ಗುರುತಿಸದೆ ಮುಂದಿನ ಬಾಟಲಿಗೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಇನ್ನೂ ಒಂದು ಪುಟ ಬರೆಯಿರಿ.

ಬಾಟಲಿ ತೆರೆಯುವ ಭಾಗವನ್ನು ಮಾತ್ರ ಮುಟ್ಟಬೇಡಿ, ಅದು ಚೆನ್ನಾಗಿ ಬಂದಿದೆ. ಬಾಟಲಿಗಳನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದ್ದು, ಮೆತ್ತಗಾದ ಬಿರಡೆಗೆ ತಿರುಪಿನ ಓಪನರ್ ಹಾಕಲು ಹೆದರಿ ಎರಡು ಅಲಗಿನ ಚಿಮಟದಂಥ ಓಪನರನ್ನು ಬಿರಡೆಯ ಇಬ್ಬದಿಯಲ್ಲಿ ಇಳಿಸಿದ್ದು, ಕತ್ತಿನ ಕೆಳಗೆ ಮೇಣದ ಬತ್ತಿ ಹಿಡಿದು ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿಯುತ್ತಿರುವಾಗ ಗಷ್ಟಿನ ಮೊದಲ ಎಳೆ ಬಾಟಲಿಯ ಭುಜದತ್ತ ಬಂದ ಕ್ಷಣದಲ್ಲಿ ಕೈ ನಿಲ್ಲಿಸಿದ್ದು, ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಲೋಟವನ್ನು ಬಿಳಿ ಮೇಜುಬಟ್ಟೆಯ ಮೇಲೆ ಓರೆ ಹಿಡಿದಾಗ ನಡುವೆ ಗಾಢ ಕೆಂಪು ಉಳಿದು ಅಂಚು ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು ಎಂಬ ವಾಕ್ಯವೂ ಇರಲಿ. ಒಂದು ಸಾಲು ಸೇರಿಸಿ: ಟ್ಯಾನಿನ್ನೂ ಬಣ್ಣದ ಕಣಗಳೂ ವರ್ಷಗಟ್ಟಲೆ ಒಂದಕ್ಕೊಂದು ಕೂಡಿಕೊಂಡು, ಭಾರವಾದವು ತಳಕ್ಕೆ ಇಳಿಯುತ್ತವೆ, ಹಳೆಯ ವೈನಿನ ಬಣ್ಣ ತಿಳಿಯಾಗುವುದಕ್ಕೂ ತಳದಲ್ಲಿ ಗಷ್ಟು ಕೂಡುವುದಕ್ಕೂ ಒಗರು ತಗ್ಗುವುದಕ್ಕೂ ಇದರ ಸಂಬಂಧವಿದೆ.

ತಪ್ಪುಗಳು ಎರಡಿವೆ. ಪೊಮೆರೋಲ್ ಬಾಟಲಿಯನ್ನು ಬೋರ್ಡೋ ವೈನ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿದ 1855ರ ವರ್ಗೀಕರಣದಲ್ಲಿ ಸೇರಿಸಿದ್ದೀರಿ. ಪ್ಯಾರಿಸ್ಸಿನ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಬೆಲೆಯ ಆಧಾರದ ಮೇಲೆ ಮಾಡಿದ ಆ ಪಟ್ಟಿಯಲ್ಲಿ ಪೊಮೆರೋಲ್ ಇಲ್ಲ. ಇನ್ನು ನೀವು ಬರೆದಂತೆ ಪೊಯಾಕ್ ಊರಿನ ಮುತೋಂ ರೋತ್‌ಶೀಲ್ಡ್ 1855ರಿಂದಲೂ ಮೊದಲ ದರ್ಜೆಯದಲ್ಲ. ಅದು ಎರಡನೆಯ ದರ್ಜೆಯಿಂದ ಮೇಲಕ್ಕೇರಿದ್ದು 1973ರಲ್ಲಿ.

ಅತ್ಯಂತ ಮುಖ್ಯವಾದ ಮಾತಿಗೆ ಈಗ ಬರುತ್ತೇನೆ. ಐದನೆಯ ಬಾಟಲಿಯ ಬಗ್ಗೆ ಲೇಖನದಲ್ಲಿ 'ಸ್ವಲ್ಪ ಮಂಕಾಗಿತ್ತು' ಎಂದಷ್ಟೇ ಇದೆ. ಪತ್ರದಲ್ಲಾದರೋ, ಅದಕ್ಕೆ ಒದ್ದೆ ರಟ್ಟಿನ ಮುಗ್ಗಲು ವಾಸನೆಯಿತ್ತು, ಆದರೆ ತಂದವರಿಗೆ ಬೇಸರವಾದೀತೆಂದು ಯಾರೂ ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ; ಅತಿಥಿಯ ಉಡುಗೊರೆಯನ್ನು ಹಳಿಯುವುದು ನಮ್ಮಲ್ಲಿ ರೂಢಿಯಲ್ಲ. ಆದರೂ ಇದನ್ನು ಬರೆಯಲೇಬೇಕು. ಆ ವಾಸನೆಗೆ ಸಾಮಾನ್ಯವಾಗಿ ಕಾರಣ ಬಿರಡೆಯಿಂದ ಬರುವ ಟಿಸಿಎ ಎಂಬ ರಾಸಾಯನಿಕ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಹತ್ತುತ್ತದೆ, ಅದಕ್ಕಿಂತ ಕಡಿಮೆ ಇದ್ದಾಗ ಹಣ್ಣಿನ ಪರಿಮಳವನ್ನಷ್ಟೇ ಅಳಿಸಿ ವೈನನ್ನು ಮಂಕು ಮಾಡುತ್ತದೆ. ಇದರಲ್ಲಿ ತಂದವರ ತಪ್ಪಿಲ್ಲ, ಅವರು ಇಟ್ಟುಕೊಂಡ ರೀತಿಯ ತಪ್ಪೂ ಇಲ್ಲ. ಹಾಗೆಂದು ವಿವರಿಸಿದರೆ ಅವರ ಮರ್ಯಾದೆಯೂ ಉಳಿಯುತ್ತದೆ, ಮುಂದೆ ಇಂಥ ಬಾಟಲಿ ಎದುರಾದ ಓದುಗರು ಹಳೆಯ ವೈನ್ ಎಂದರೆ ಹೀಗೆಯೇ ಎಂದು ಭಾವಿಸಿ ಮೌನವಾಗಿ ಕುಡಿಯುವುದೂ ತಪ್ಪುತ್ತದೆ.

ಹಾಗೆಯೇ ಒಂದೇ ಶಾತೋದ, ಅಂದರೆ ಒಂದೇ ವೈನ್ ತೋಟದ, ಎರಡು ಬಾಟಲಿಗಳಿದ್ದವು, ಒಂದರಲ್ಲಿ ವೈನ್ ಕತ್ತಿನವರೆಗೂ ಇತ್ತು, ಇನ್ನೊಂದರಲ್ಲಿ ಭುಜದ ನಡುವಿಗೆ ಇಳಿದಿತ್ತು ಎಂಬ ಸಂಗತಿಯೂ ಪತ್ರದಲ್ಲೇ ಇದೆ. ಎರಡರ ರುಚಿಯನ್ನು ಪಕ್ಕಪಕ್ಕದಲ್ಲಿಟ್ಟು ಬರೆಯಿರಿ. ಮಟ್ಟ ಇಳಿದದ್ದರಲ್ಲಿ ಗಾಳಿಯಾಡಿ ಹಣ್ಣು ಬಾಡಿತ್ತೇ, ಅಥವಾ ನಿಮ್ಮ ನಿರೀಕ್ಷೆಗೆ ವಿರುದ್ಧವಾಗಿ ಚೆನ್ನಾಗಿತ್ತೇ? ಎರಡಕ್ಕೂ ಸಾಧ್ಯತೆಯಿದೆ, ನಡೆದದ್ದನ್ನು ಹೇಳಬಲ್ಲವರು ನೀವು ಮಾತ್ರ.

ಪರಿಮಳಗಳ ಪಟ್ಟಿ ಇಂಗ್ಲಿಷ್ ಟಿಪ್ಪಣಿಗಳಿಂದ ಬಂದದ್ದೆಂದು ತಿಳಿಯುತ್ತದೆ. ದೇವದಾರು, ಹೊಗೆಸೊಪ್ಪು ಹಳೆಯ ಪೊಯಾಕ್ ವೈನ್‌ಗಳಲ್ಲಿ ನಿಜಕ್ಕೂ ಬರುವ ವಾಸನೆಗಳು. ನಿಮ್ಮ ಮೂಗಿಗೆ ಬಂದಿದ್ದರೆ ಇಟ್ಟುಕೊಳ್ಳಿ, ಉಳಿದವನ್ನು ತೆಗೆಯಿರಿ. ಪತ್ರದಲ್ಲಿ ನೀವು 'ಕಾಚು ಅಗಿದ ಮೇಲೆ ಒಸಡು ಬಿಗಿದಂತೆ' ಎಂದಿರುವುದು ಆ ಇಡೀ ಪಟ್ಟಿಗಿಂತ ಮೇಲು. ಬಾಟಲಿಗಳ ಬೆಲೆಗಳನ್ನು ಪೂರ್ತಿ ಕೈಬಿಡಿ.

ಗೆಳೆಯರು ಲೇಖನದಲ್ಲಿ ಬರೀ ಹೆಸರುಗಳಾಗಿದ್ದಾರೆ. ಕೊನೆಯದಾಗಿ ಬಂದ, ಮೆದಾಕ್‌ನ ಸ್ಯಾಂತ್ ಎಸ್ತೆಫ್ ಊರಿನ ವೈನ್ ಕುರಿತು ಒಬ್ಬರು 'ಇದಕ್ಕೆ ಇನ್ನೂ ಹತ್ತು ವರ್ಷ ಬೇಕು' ಎಂದರೆ ಇನ್ನೊಬ್ಬರು 'ಹಣ್ಣು ಆಗಲೇ ಹೋಗಿದೆ, ಉಳಿದಿರುವುದು ಒಗರು ಮಾತ್ರ' ಎಂದರಂತೆ. 1986ರ ಬಗ್ಗೆ ಬಲ್ಲವರಲ್ಲಿ ಬಹುಕಾಲದಿಂದ ಇರುವ ಭಿನ್ನಾಭಿಪ್ರಾಯವೇ ಇದು. ಇಬ್ಬರ ವಾದವನ್ನೂ ಪೂರ್ತಿ ಕೊಡಿ, ನೀವು ಯಾರ ಕಡೆ ಎಂಬುದನ್ನೂ ಹೇಳಿ.

ಪರಿಷ್ಕರಿಸುವಾಗ ಪ್ರತಿಯೊಂದು ವೈನೂ ಡಿಕ್ಯಾಂಟರಿನಲ್ಲಿ ಎಷ್ಟು ಹೊತ್ತು ಇತ್ತು, ಕೋಣೆ ಎಷ್ಟು ಬೆಚ್ಚಗಿತ್ತು, ಯಾವ ಕ್ರಮದಲ್ಲಿ ಸುರಿದಿರಿ ಎಂಬುದನ್ನು ನೆನಪು ಮಾಡಿಕೊಂಡು ಸೇರಿಸಿ. ಮರೆತಿದ್ದರೆ ಆ ಮನೆಯವರನ್ನೇ ಕೇಳಿ. ಒಂಬತ್ತರ ಬಗ್ಗೆಯೂ ಬರೆಯಬೇಕಾಗಿಲ್ಲ, ನಾಲ್ಕು ಸಾಕು: ಪೊಮೆರೋಲ್, ಗ್ರೂಓ ಲಾರೋಸ್, ಕೆಟ್ಟುಹೋದ ಆ ಐದನೆಯದು, ಜಗಳ ಹುಟ್ಟಿಸಿದ ಸ್ಯಾಂತ್ ಎಸ್ತೆಫ್. ಜೋಡಿ ಬಾಟಲಿಗಳ ವಿಷಯಕ್ಕೆ ಬೇರೆ ಚೌಕ ಕೊಡೋಣ. ಸಾವಿರದ ಇನ್ನೂರು ಪದಗಳೊಳಗೆ ಇರಲಿ. ಕಳಿಸಿದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ