ತೆಂಗಿನ ಗರಿ ಕಪ್ಪಾಗಿದೆಯಾ? ಎಣ್ಣೆ ಡಬ್ಬಿ ಕೆಳಗಿಡಿ

ಈ ಸಲ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ತೆಂಗಿನದ್ದೇ. ಸಿಂಧನೂರು, ಗಂಗಾವತಿ, ಸಿರುಗುಪ್ಪ, ಬಳ್ಳಾರಿ. ಊರು ಬೇರೆ, ಫೋಟೊ ಒಂದೇ. ಮಸಿ ಬಳಿದಂಥ ಗರಿ, ಮರದ ಕೆಳಗೆ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಅಂಟು. ಹೋದ ವರ್ಷ ಇದಕ್ಕೆ ಉತ್ತರ ಬರೆದೆ, ಅದರ ಹಿಂದಿನ ವರ್ಷವೂ ಬರೆದೆ. ಓದಿದವರು ಓದಿ ಮುಗಿಸಿ ಸೀದಾ ಗೊಬ್ಬರದ ಅಂಗಡಿಗೆ ಹೋಗಿದ್ದಾರೆ ಅಂತ ಕಾಣುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಪಾತಿ ಮಾಡುವುದು ಹೇಗೆ, ನೀರು ಎಷ್ಟು ದಿನಕ್ಕೊಮ್ಮೆ ಅನ್ನೋದನ್ನೆಲ್ಲ ನಾನಿಲ್ಲಿ ಹೇಳುವುದಿಲ್ಲ. ಹಿತ್ತಲಲ್ಲಿ ತೆಂಗು ಬೆಳೆಸಿದವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ಮೇಡಂ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರ ಇವೆ, 12 ವರ್ಷದವು. ಎರಡು ವರ್ಷದಿಂದ ಗರಿ ಮಸಿ ಹಿಡಿದಂಗೆ ಕಪ್ಪಾಗಿದೆ. ಗರಿಯ ಅಡಿಗೆ ಬಿಳಿ ಹಿಟ್ಟು. ಪಕ್ಕದ ಪೇರಲ, ಬಾಳೆಗೂ ಬಂದಿದೆ. ಅಂಗಡಿಯವರು ಕೊಟ್ಟ ಎರಡು ಥರದ ಎಣ್ಣೆ (ಕೀಟನಾಶಕ) ಹೊಡೆಸಿದೆ. ಹದಿನೈದು ದಿನ ಕಡಿಮೆಯಾಗಿ ಮತ್ತೆ ಬಂತು. ಈಗ ಒಬ್ಬರು ಬಂದು, ಕಾಂಡಕ್ಕೆ ಡ್ರಿಲ್ ಹೊಡೆದು ಔಷಧ ತುಂಬುತ್ತೇವೆ, ಮರಕ್ಕೆ 300 ರೂಪಾಯಿ ಅಂತಾರೆ. ಮಾಡಿಸಲಾ? (ಸಿಂಧನೂರಿನ ಓದುಗರು)

ಉತ್ತರ: ಬೇಡ. ಆ ಡ್ರಿಲ್ಲಿನವರಿಗೆ ಒಂದು ಚಹಾ ಕುಡಿಸಿ ಕಳಿಸಿಬಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಕಪ್ಪಿನ ವಿಷಯ. ಅದು ರೋಗ ಅಲ್ಲ. ಒದ್ದೆ ಬಟ್ಟೆ ತಗೊಂಡು ಗರಿಯನ್ನು ಒರೆಸಿ ನೋಡಿ, ಕೆಳಗೆ ಹಸಿರು ಹಾಗೇ ಇರುತ್ತದೆ. ಮೇಲಿನ ಗರಿಯ ಅಡಿಯಲ್ಲಿ ಕೂತ ಬಿಳಿನೊಣ ರಸ ಹೀರುತ್ತದೆ. ಹೆಚ್ಚಾದ ಸಕ್ಕರೆಯನ್ನು ಕೆಳಗೆ ಬಿಡುತ್ತದೆ. ನಿಮ್ಮ ಬೈಕಿನ ಸೀಟಿನ ಮೇಲಿನ ಅಂಟು ಅದೇ. ಕೆಳಗಿನ ಗರಿಯ ಮೇಲೆ ಬಿದ್ದ ಆ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯ ಒಳಗೆ ಇಳಿಯುವುದಿಲ್ಲ. ಬಿಸಿಲು ಎಲೆಗೆ ತಾಗದಂತೆ ಮುಚ್ಚುತ್ತದೆ, ಅಷ್ಟೇ. ಇದಕ್ಕೆ ಶಿಲೀಂಧ್ರನಾಶಕ ಹೊಡೆಸುವುದು ಅಂದರೆ ಸೋರುವ ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ.

ಈ ಬಿಳಿನೊಣ ನಮ್ಮ ಊರಿನದ್ದಲ್ಲ. ಮಧ್ಯ ಅಮೆರಿಕದ ಕಡೆಯದು. ಹೆಸರು ರುಗೋಸ್ ಸುರುಳಿ ಬಿಳಿನೊಣ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಲ್ಲಾಚಿಯ ತೆಂಗಿನ ತೋಟಗಳಲ್ಲಿ. ಆಮೇಲೆ ಸಸಿಗಳ ಜೊತೆ ಲಾರಿ ಹತ್ತಿ ಎಲ್ಲಾ ಕಡೆ ಹೋಯಿತು. ತೆಂಗು ಅದಕ್ಕೆ ಇಷ್ಟ. ಬಾಳೆ, ಪೇರಲ, ಸೀತಾಫಲ, ಮಾವನ್ನೂ ಬಿಡುವುದಿಲ್ಲ. ನಿಮ್ಮ ಪೇರಲಕ್ಕೆ ಬಂದದ್ದೂ ಇದೇ, ಬೇರೆ ರೋಗ ಅಂತ ಬೇರೆ ಎಣ್ಣೆ ತರಬೇಡಿ.

ಈಗ ನಾನು ಹೇಳುವ ಕೆಲಸ ಮಾಡಿ, ಆಮೇಲೆ ಮುಂದೆ ಓದಿ. ಕೈಗೆಟಕುವ ಗರಿಯಿಂದ ಒಂದು ಎಲೆ ಸೀಳಿಕೊಳ್ಳಿ. ನೆರಳಿಗೆ ತಂದು ಅಡಿಮೇಲು ಮಾಡಿ. ಹೆಬ್ಬೆಟ್ಟು ಒತ್ತಿದ ಗುರುತಿನ ಹಾಗೆ ಸುತ್ತು ಸುತ್ತಾಗಿ ಬಿಳಿ ಗೆರೆ ಕಾಣುತ್ತದಲ್ಲ, ಅದು ಮೊಟ್ಟೆ ಇಟ್ಟ ದಾರಿ. ಪಕ್ಕದಲ್ಲಿ ಹತ್ತಿಯಂಥ ಬಿಳಿ ಎಳೆ. ಅದನ್ನು ಬಾಯಿಂದ ಊದಿ. ಕೆಳಗೆ ಎಳ್ಳಿಗಿಂತ ಚಿಕ್ಕ, ಚಪ್ಪಟೆಯಾದ ಗೂಡುಗಳು ಸಿಗುತ್ತವೆ. ವಾಚ್ ರಿಪೇರಿಯವರ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಕೆಲವು ಗೂಡು ಬಿಳಿಚಿಕೊಂಡಿರುತ್ತವೆ. ಅವುಗಳ ಬೆನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸೀಳಿದ್ದರೆ ಒಳಗಿಂದ ಬಿಳಿನೊಣ ಹಾರಿಹೋಗಿದೆ. ಇನ್ನು ಕೆಲವು ಗೂಡು ಕಪ್ಪಗಿರುತ್ತವೆ. ಅವುಗಳಲ್ಲಿ ಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತು ಕಂಡರೆ ಖುಷಿಪಡಿ. ಅಲ್ಲಿಂದ ಹೊರಬಂದದ್ದು ಬಿಳಿನೊಣ ಅಲ್ಲ, ಅದನ್ನು ಒಳಗಿಂದಲೇ ತಿಂದು ಮುಗಿಸಿದ ಎನ್ಕಾರ್ಸಿಯಾ ಅನ್ನುವ ಪುಟ್ಟ ಕಣಜ. ಒಂದು ಮಿಲಿಮೀಟರ್ ಕೂಡ ಇಲ್ಲ. ಮನುಷ್ಯರನ್ನು ಕಚ್ಚುವುದಿಲ್ಲ. ಯಾರೂ ಇದನ್ನು ದುಡ್ಡು ಕೊಟ್ಟು ತರಿಸಿದ್ದಲ್ಲ. 1993ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಇನ್ನೊಂದು ಸುರುಳಿ ಬಿಳಿನೊಣ ಇದೆ, ಈಗಿನದರ ದಾಯಾದಿ. ಅದನ್ನು ತಿನ್ನುತ್ತಾ ಇದು ಮೊದಲೇ ನಮ್ಮಲ್ಲಿ ನೆಲೆಸಿತ್ತು. ಹೊಸ ನೊಣ ಬಂದಾಗ ಅದಕ್ಕೂ ಕೈ ಹಚ್ಚಿತು.

ಹತ್ತು ಗೂಡಿನಲ್ಲಿ ನಾಲ್ಕೈದು ಕಪ್ಪಾಗಿದ್ದರೆ ನೀವು ಏನೂ ಹೊಡೆಸಬೇಕಾಗಿಲ್ಲ. ಕೈ ಕಟ್ಟಿ ಕೂತರೆ ಸಾಕು. ಈ ಮಾತು ಯಾರಿಗೂ ಹಿಡಿಸುವುದಿಲ್ಲ, ನನಗೆ ಗೊತ್ತು. ಮೂವತ್ತು ಅಡಿ ಮೇಲೆ ಪೈಪಿನಿಂದ ಎಣ್ಣೆ ಚಿಮ್ಮಿದರೇನೇ ನಮ್ಮವರಿಗೆ ಸಮಾಧಾನ.

ನಿಮಗೆ ಹದಿನೈದು ದಿನ ಕಡಿಮೆಯಾಗಿ ಮತ್ತೆ ಯಾಕೆ ಬಂತು? ಬಿಳಿನೊಣದ ಮರಿಗಳು ಗರಿಯ ಅಡಿಯಲ್ಲಿ ಮೇಣದ ಹೊದಿಕೆಯೊಳಗೆ ಇರುತ್ತವೆ. ಕೆಳಗಿಂದ ಹೊಡೆದ ಎಣ್ಣೆ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಹಾರಾಡುವ ನೊಣ ಸಾಯುತ್ತದೆ, ಮರಿ ಉಳಿಯುತ್ತದೆ. ಕಣಜಕ್ಕೆ ಮೇಣವೂ ಇಲ್ಲ, ಮರೆಯೂ ಇಲ್ಲ. ಅದು ಮೊದಲು ಸಾಯುತ್ತದೆ. ಬಿಳಿನೊಣವನ್ನು ತಿನ್ನುವ ಗುಲಗಂಜಿ ಹುಳುಗಳೂ ಅದರ ಜೊತೆ ಹೋಗುತ್ತವೆ. ಉಳಿದ ಮರಿಗಳು ದೊಡ್ಡವಾಗುವ ಹೊತ್ತಿಗೆ ಹಿತ್ತಲಲ್ಲಿ ಕೇಳುವವರೇ ಇಲ್ಲ.

ಸುಮ್ನೆ ಉಪದೇಶ ಮಾಡುತ್ತಿಲ್ಲ, ಈ ತಪ್ಪನ್ನು ನಾನೂ ಮಾಡಿದ್ದೇನೆ. ರಾಯಚೂರಿನ ನಮ್ಮ ಮನೆಯಲ್ಲಿ ಒಂದು ಕಾರ್ಯಕ್ರಮ ಇತ್ತು. ಅಂಗಳವೆಲ್ಲ ಅಂಟು, ಬಂದವರ ಚಪ್ಪಲಿ ಹಿಡಿಯುತ್ತಿತ್ತು. ಕೀಟಶಾಸ್ತ್ರ ಕಲಿಸಿ ತಲೆ ಬೆಳ್ಳಗಾದವಳು ನಾನು, ಆದರೂ ಮನೆಯವರ ಮಾತಿಗೆ ಹೂಂ ಅಂದು ಎರಡು ಮರಕ್ಕೆ ಎಣ್ಣೆ ಹೊಡೆಸಿದೆ. ಮೂರನೆಯದು ನೀರಿನ ಟ್ಯಾಂಕಿನ ಹಿಂದೆ ಇತ್ತು, ಪೈಪು ಮುಟ್ಟಲಿಲ್ಲ. ನಾಲ್ಕು ತಿಂಗಳಿಗೆ ಹೊಡೆಸಿದ ಎರಡು ಮರ ಮತ್ತೆ ಬೆಳ್ಳಗೆ. ಟ್ಯಾಂಕಿನ ಹಿಂದಿನದು ಅವಕ್ಕಿಂತ ಚೆನ್ನಾಗಿತ್ತು. ಮೂರು ಮರ ನೋಡಿ ಸಿದ್ಧಾಂತ ಕಟ್ಟಬಾರದು, ಒಪ್ಪುತ್ತೇನೆ. ಆದರೆ ಆ ಟ್ಯಾಂಕಿನ ಕಡೆ ನೋಡಿದಾಗೆಲ್ಲ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಡ್ರಿಲ್ಲಿನ ವಿಷಯ. ಅವರು ತುಂಬುವುದು ಏನು ಅಂತ ಡಬ್ಬಿ ಕೇಳಿ ನೋಡಿ. ಹೆಚ್ಚಿನವರು ತೋರಿಸುವುದಿಲ್ಲ. ನಾನು ಒತ್ತಾಯ ಮಾಡಿ ನೋಡಿದ ಕಡೆಗಳಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕಡುವಿಷದ ಕೀಟನಾಶಕ ಇತ್ತು. ತರಕಾರಿಗೆ ಅದನ್ನು ಹೊಡೆಯಬಾರದು ಅಂತ 2005ರಲ್ಲೇ ಆಗಿದೆ. 2023ರಲ್ಲಿ ಕೇಂದ್ರ ಸರ್ಕಾರ ಅದರ 36 ಎಸ್‌ಎಲ್ ಅನ್ನುವ, ನೀರಿಗೆ ಬೆರೆಸುವ ದ್ರವ ರೂಪವನ್ನೇ ನಿಷೇಧಿಸಿತು. ಕಾಂಡಕ್ಕೆ ತುಂಬಿದ ವಿಷ ಮರದೊಳಗೆಲ್ಲ ಓಡಾಡುತ್ತದೆ. ನಿಮ್ಮ ಮರದ ಎಳನೀರು ಕುಡಿಯುವವರು ಯಾರು? ಜ್ವರ ಬಂದ ಮಕ್ಕಳಿಗೆ, ಬಾಣಂತಿಗೆ ಕೊಡುವುದು ಅದನ್ನೇ ಅಲ್ವಾ?

ಇನ್ನೊಂದು ಮಾತು ಆ ಡ್ರಿಲ್ಲಿನವರಿಗೆ ಗೊತ್ತೇ ಇಲ್ಲ. ಮಾವು, ಬೇವಿನ ಕಾಂಡಕ್ಕೆ ಗಾಯವಾದರೆ ಅಂಚಿನಿಂದ ತೊಗಟೆ ಬೆಳೆದು ಮುಚ್ಚುತ್ತದೆ. ತೆಂಗಿಗೆ ಆ ಶಕ್ತಿ ಇಲ್ಲ. ಇವತ್ತು ಹೊಡೆದ ತೂತು ಮರ ಇರುವ ತನಕ ತೂತೇ. ಗಾಯದ ವಾಸನೆಗೆ, ಕಾಂಡವನ್ನು ಒಳಗಿಂದ ಕೊರೆಯುವ ಕೆಂಪು ಮೂತಿ ಹುಳು ಬರುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ನೀರು, ಗೊಬ್ಬರ ಕಂಡ ದೊಡ್ಡ ತೆಂಗು ಬಿಳಿನೊಣದಿಂದ ಸತ್ತದ್ದನ್ನು ನಾನು ನೋಡಿಲ್ಲ. ಕೆಂಪು ಮೂತಿ ಹುಳುವಿನಿಂದ ಸುಳಿ ಕಳಚಿ ಬಿದ್ದದ್ದನ್ನು ಎಷ್ಟೋ ನೋಡಿದ್ದೇನೆ. ನೀವು 300 ರೂಪಾಯಿ ಕೊಟ್ಟು ಅದಕ್ಕೆ ಬಾಗಿಲು ತೆಗೆಸುತ್ತಿದ್ದೀರಿ.

ಹಾಗಾದರೆ ಏನೂ ಮಾಡಬಾರದಾ? ಮಾಡಿ. ಬೆಳಿಗ್ಗೆ ಪಂಪ್ ಹಾಕಿ, ಕೆಳಗಿನ ಗರಿಗಳ ಅಡಿಗೆ ಜೋರಾಗಿ ಬರೀ ನೀರು ಹೊಡೆಯಿರಿ. ವಾರಕ್ಕೊಮ್ಮೆ ಮಾಡಿದರೂ ಎಷ್ಟೋ ಮರಿ ಉದುರುತ್ತವೆ. ಜೋರು ಮಳೆ ಬಂದರೆ ಇದೇ ಕೆಲಸ ಪುಕ್ಕಟೆ ಆಗುತ್ತದೆ, ಆದರೆ ನಮ್ಮ ಕಡೆ ಮಳೆ ನಂಬಿ ಕೂರುವ ಹಾಗಿಲ್ಲ.

ಕಪ್ಪು ತೆಗೆಯಲು ಗಂಜಿ. ಹೌದು, ಗಂಜಿಯೇ. 10 ಲೀಟರ್ ನೀರಿಗೆ 100 ಗ್ರಾಂ ಮೈದಾ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಪಂಪಿನ ಮೂತಿ ಕಟ್ಟಿಕೊಂಡು ನನ್ನನ್ನೇ ಬೈಯುತ್ತೀರಿ. ಗರಿಯ ಮೇಲ್ಭಾಗಕ್ಕೆ ಹೊಡೆಯಿರಿ. ಒಣಗಿದ ಮೇಲೆ ಗಂಜಿ ಹಪ್ಪಳದ ಹಾಗೆ ಎದ್ದು ಉದುರುತ್ತದೆ, ಕಪ್ಪನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮ ರಾಯಚೂರಿನ ಬಿಸಿಲು ಉಪಯೋಗಕ್ಕೆ ಬರುವುದು ಇಂಥದ್ದಕ್ಕೇ.

ಬೇವಿನೆಣ್ಣೆ ಗಿಡ್ಡ ಮರಕ್ಕೆ, ಪೇರಲಕ್ಕೆ ಮಾತ್ರ, ಅದೂ ಕಾಟ ತೀರಾ ಜಾಸ್ತಿ ಇದ್ದರೆ. ಲೀಟರಿಗೆ 5 ಮಿಲಿ, ಬೆರೆಯುವಷ್ಟು ಸೋಪು, ಎಲೆಯ ಅಡಿಗೆ, ಸಂಜೆ ಹೊತ್ತು. ಏಪ್ರಿಲ್ ಮಧ್ಯಾಹ್ನ ಹೊಡೆದು ಎಲೆ ಸುಟ್ಟಿತು ಅಂತ ನನಗೆ ಬರೆಯಬೇಡಿ. ಹಳದಿ ಅಂಟು ಹಾಳೆ ಕಟ್ಟುವುದಾದರೆ ಕಟ್ಟಿ. ನೊಣ ಬಂದಿದೆಯೋ ಇಲ್ಲವೋ ತಿಳಿಯುತ್ತದೆ, ಅದರಿಂದಲೇ ಮರ ಉಳಿಯುತ್ತದೆ ಅಂದುಕೊಳ್ಳಬೇಡಿ.

ನಿಮ್ಮ ಎಲೆಯಲ್ಲಿ ಕಪ್ಪು ಗೂಡು ಒಂದೂ ಸಿಗಲಿಲ್ಲ ಅನ್ನಿ. ಎರಡು ಸಲ ಎಣ್ಣೆ ಹೊಡೆಸಿದ್ದೀರಿ, ಸಿಗದೇ ಇರಬಹುದು. ಯಾವತ್ತೂ ಎಣ್ಣೆ ಕಾಣದ ಒಂದು ತೆಂಗು ಊರಲ್ಲಿ ಇದ್ದೇ ಇರುತ್ತದೆ, ಗುಡಿಯ ಹಿಂದೆಯೋ, ಬಾವಿ ಕಟ್ಟೆ ಹತ್ತಿರವೋ. ಅಲ್ಲಿಂದ ಕಪ್ಪು ಗೂಡು ಇರುವ, ಇನ್ನೂ ತೂತಾಗದ ಎಲೆ ತುಂಡು ತಂದು ನಿಮ್ಮ ಗರಿಗೆ ದಾರದಿಂದ ಕಟ್ಟಿ. ಕಣಜ ತಾನೇ ಹೊರಬಂದು ಕೆಲಸ ಶುರು ಮಾಡುತ್ತದೆ. ಇದಕ್ಕೆ ಖರ್ಚು ಅಂದರೆ ಆ ದಾರದ್ದು.

ಮತ್ತೆ ಗೊಬ್ಬರ. ನಾಲ್ಕು ಮರ ಇಟ್ಟುಕೊಂಡವರಲ್ಲಿ ಮೂರು ಮಂದಿ ಗೊಬ್ಬರವನ್ನೇ ಹಾಕುವುದಿಲ್ಲ, ಎಣ್ಣೆಗೆ ಮಾತ್ರ ಧಾರಾಳ. ಕಾಯಿ ಬಿಡುವ ಒಂದು ಮರಕ್ಕೆ ವರ್ಷಕ್ಕೆ ಸುಮಾರು 1 ಕಿಲೋ ಯೂರಿಯಾ, 2 ಕಿಲೋ ಸೂಪರ್ ಫಾಸ್ಫೇಟ್, 2 ಕಿಲೋ ಪೊಟ್ಯಾಷ್ ಬೇಕು. ಎರಡು ಕಂತು ಮಾಡಿ ಕೊಡಿ, ಜೊತೆಗೆ ಕಳಿತ ತಿಪ್ಪೆ ಗೊಬ್ಬರ. ಕಪ್ಪಾಗಿದೆ ಅಂತ ಗರಿ ಎಲ್ಲ ಕಡಿಸಬೇಡಿ. ಡೀಸೆಲ್ ಸುರಿಯಬೇಡಿ. ಬುಡಕ್ಕೆ ಉಪ್ಪು ಹಾಕಿ ಅನ್ನುವ ವಾಟ್ಸಾಪ್ ವಿಡಿಯೊ ನನಗೂ ಬಂದಿದೆ. ನಮ್ಮ ಕಾಲುವೆ ಕೆಳಗಿನ ಸವಳು ಭೂಮಿಯಲ್ಲಿ ಉಪ್ಪು ಸಾಲದೆ ಬಂದಿದೆಯಾ?

ಪ್ರಶ್ನೆ: ಮನೆ ಮುಂದಿನ ಲಾನ್ ತೇಪೆ ತೇಪೆಯಾಗಿ ಹಳದಿಯಾಗುತ್ತಿದೆ. ಹುಳಕ್ಕೆ ಯಾವ ಹರಳು ಔಷಧ ಹಾಕಲಿ? (ಬಳ್ಳಾರಿ)

ಉತ್ತರ: ಹುಳ ಇದೆ ಅಂತ ಯಾರು ಹೇಳಿದರು? ಹಳದಿ ಜಾಗದ ಹುಲ್ಲು ಹಿಡಿದು ಎಳೆಯಿರಿ. ಬೇರಿಲ್ಲದೆ ಚಾಪೆಯ ಹಾಗೆ ಸುತ್ತಿಕೊಂಡು ಬಂದರೆ ಒಂದು ಅಡಿ ಅಗೆದು ನೋಡಿ, ಇಂಗ್ಲಿಷಿನ ಸಿ ಆಕಾರದಲ್ಲಿ ಮಡಚಿಕೊಂಡ ಬಿಳಿ ಗೊಣ್ಣೆ ಹುಳು ಸಿಗುತ್ತದೆ. ಅದರ ದುಂಬಿಗಳು ಮೊದಲ ಮಳೆ ಆದ ಸಂಜೆ ಬೇವಿನ ಮರಕ್ಕೆ ಬರುತ್ತವೆ. ಆಗ ಕೊಂಬೆ ಅಲುಗಿಸಿ ಬೀಳಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಹರಳಿಗಿಂತ ಲೇಸು. ಹುಲ್ಲು ಗಟ್ಟಿಯಾಗಿ ನಿಂತಿದ್ದರೆ ಹುಳ ಇಲ್ಲ, ಬೋರಿನ ಸವಳು ನೀರು. 42 ಡಿಗ್ರಿಯ ಊರಲ್ಲಿ ಲಾನ್ ಯಾಕೆ ಬೇಕು ಅಂತ ನಾನು ಕೇಳುವುದಿಲ್ಲ. ಕೇಳಿದಂತಾಯಿತು.

ಪ್ರಶ್ನೆ: ಪಪ್ಪಾಯಿ ಗಿಡದ ತುಂಬ ಹಿಟ್ಟು ತಿಗಣೆ. ಗಿಡ ಕಿತ್ತು ಸುಡಬೇಕಾ? (ಕೊಪ್ಪಳ)

ಉತ್ತರ: ಬೇಡ. ಇದೂ ಪರದೇಶದ್ದೇ, 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜ ತರಿಸಿ ಬೆಂಗಳೂರಿನಲ್ಲಿ ಬೆಳೆಸಿ ಬಿಟ್ಟರು. ಎಣ್ಣೆಗೆ ಬಗ್ಗದ ತಿಗಣೆ ಅವಕ್ಕೆ ಬಗ್ಗಿತು. ಕಾಟ ಜಾಸ್ತಿ ಇರುವ ಎಲೆ, ಕಾಯಿ ಮಾತ್ರ ತೆಗೆಯಿರಿ, ನೀರು ಹೊಡೆಯಿರಿ, ಇರುವೆ ಹತ್ತದಂತೆ ನೋಡಿಕೊಳ್ಳಿ. ತಿಗಣೆಗೆ ಕಾವಲು ಕಾಯುವುದು ಅವೇ.

ಪ್ರಶ್ನೆ: ಬೇವಿನ ಮರದ ತುದಿ ಒಣಗುತ್ತಿದೆ. ಮೊಬೈಲ್ ಟವರ್ ಕಾರಣವಾ? (ರಾಯಚೂರು)

ಉತ್ತರ: ಅಲ್ಲ. ಒಂದು ಶಿಲೀಂಧ್ರ, ಜೊತೆಗೆ ಒಂದು ತಿಗಣೆ. 2021ರಲ್ಲಿ ಪಕ್ಕದ ತೆಲಂಗಾಣದಲ್ಲೂ ಇದೇ ಗಾಬರಿ ಇತ್ತು. ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ, ಕಡಿಯಬೇಡಿ.

ಪ್ರಶ್ನೆ: ಒಂದೇ ಸಲ ಹೊಡೆದರೆ ಎಲ್ಲಾ ಹುಳ ಸಾಯುವ, ಆದರೆ ವಿಷ ಅಲ್ಲದ ಔಷಧ ಹೇಳಿ. (ಗಂಗಾವತಿ)

ಉತ್ತರ: ಇಲ್ಲ.

ಪ್ರಶ್ನೆ: ಆಂಧ್ರದ ನರ್ಸರಿಯಿಂದ ತೆಂಗು, ಪೇರಲ ಸಸಿ ತರಿಸುತ್ತಿದ್ದೇನೆ. ಇಳಿಸಿಕೊಳ್ಳುವಾಗ ಏನು ನೋಡಬೇಕು? (ಸಿರುಗುಪ್ಪ)

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದೊಂದೇ. ಗಾಡಿಯ ಮೇಲೆ ಇರುವಾಗಲೇ ಪ್ರತಿ ಸಸಿಯ ಎಲೆ ತಿರುವಿ ನೋಡಿ. ಚೆನ್ನಾಗಿದ್ದರೂ ಮೂರು ವಾರ ಹಳೆಯ ಗಿಡಗಳಿಂದ ದೂರ ಇಡಿ, ಆಮೇಲೆ ಇನ್ನೊಮ್ಮೆ ತಿರುವಿ ನೋಡಿ ನೆಡಿ. ಬಿಳಿ ಸುತ್ತು ಒಂದೇ ಒಂದು ಕಂಡರೂ ಗಾಡಿ ವಾಪಸ್ ಕಳಿಸಿ. ಅಡ್ವಾನ್ಸ್ ಹೋದರೆ ಹೋಗಲಿ.