ಕಿಟಕಿ ಪಕ್ಕದ ಟೊಮೆಟೊ

ಪ್ರಶ್ನೆ: ನಮ್ಮ ಮನೆಗೆ ಬಾಲ್ಕನಿ ಇಲ್ಲ. ಕಿಟಕಿ ಇರುವ ಕೋಣೆಯಲ್ಲೇ ಕುಂಡ ಇಟ್ಟು ಟೊಮೆಟೊ ಬೀಜ ಹಾಕಿದ್ದೆ. ಚೆನ್ನಾಗಿ ಮೊಳೆತವು, ಆಮೇಲೆ ದಾರದ ಹಾಗೆ ಉದ್ದಕ್ಕೆ ಬೆಳೆದು ವಾಲಿಬಿಟ್ಟವು. ದಿನಾ ಎರಡು ಹೊತ್ತು ನೀರು ಹಾಕುತ್ತೇನೆ, ಮಾತಾಡಿಸುತ್ತೇನೆ ಕೂಡ. ಮನೆಯವರು ನಗುತ್ತಾರೆ. ಎಲ್ಲಿ ತಪ್ಪಿದೆ? ನಮ್ಮ ಪ್ರೀತಿ ಗಿಡಕ್ಕೆ ಗೊತ್ತಾಗುತ್ತದೆಯೇ?

ಉತ್ತರ: ತಪ್ಪಿದ್ದು ಬೆಳಕಿನಲ್ಲಿ. ನಿಮ್ಮ ಕಣ್ಣಿಗೆ ಆ ಕೋಣೆ ಬೆಳ್ಳಗೇ ಕಾಣುತ್ತದೆ, ಯಾಕೆಂದರೆ ಕಣ್ಣು ಕಡಿಮೆ ಬೆಳಕಿಗೂ ಬೇಗ ಹೊಂದಿಕೊಳ್ಳುತ್ತದೆ. ಗಿಡಕ್ಕೆ ಆ ಅನುಕೂಲ ಇಲ್ಲ. ಹೊರಗೆ ನಡುಮಧ್ಯಾಹ್ನದ ಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಇರುತ್ತದೆ, ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಕೆಲವು ನೂರು ಅಷ್ಟೇ, ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಹಗಲಲ್ಲೂ ತುಂಬಾ ಇಳಿದುಬಿಡುತ್ತದೆ. ಸಸಿ ಬೆಳಕು ಹುಡುಕಿಕೊಂಡು ಮೇಲೆ ಮೇಲೆ ಹೋಯಿತು, ಕಾಂಡ ದಪ್ಪ ಆಗಲು ಏನೂ ಉಳಿಯಲಿಲ್ಲ. ಅದು ಹಸಿದಿತ್ತು, ನೀವು ನೀರು ಕುಡಿಸುತ್ತಿದ್ದಿರಿ.

ಸಸಿಯ ತುದಿಯಿಂದ 20–30 ಸೆಂಟಿಮೀಟರ್ ಮೇಲೆ ಒಂದು ಬಿಳಿ ಎಲ್‌ಇಡಿ ದೀಪ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ರಾತ್ರಿ ಆರಿಸಿಬಿಡಿ. ಆದರೆ ಟೊಮೆಟೊ ಕಾಯಿ ಬಿಡಬೇಕಾದರೆ ದಿನಕ್ಕೆ 6–8 ಗಂಟೆ ನೇರ ಬಿಸಿಲು ಬೇಕು, ಇಲ್ಲವೇ ಇನ್ನೂ ಜೋರಾದ ದೀಪ. ಅದು ಆಗದಿದ್ದರೆ ಸೊಪ್ಪು ಬೆಳೆಯಿರಿ ಅಂತ ನಾನು ಹೇಳುತ್ತೇನೆ. ನೀರಿಗೆ ಹೊತ್ತು ಗೊತ್ತು ಬೇಡ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಂದು ಗೆಣ್ಣಿನ ಆಳದವರೆಗೆ ಒಣಗಿದ್ದರೆ ಮಾತ್ರ ಹಾಕಿ. ಸದಾ ಒದ್ದೆ ಇದ್ದರೆ ಬೇರಿಗೆ ಉಸಿರು ಕಟ್ಟುತ್ತದೆ.

ಇನ್ನು ಪ್ರೀತಿ. ಮಾತು ಗಿಡಕ್ಕೆ ಅರ್ಥವಾಗುತ್ತದೆ ಅಂತ ನಾನು ಹೇಳಲಾರೆ. ಮುಟ್ಟಿದ್ದು ಮಾತ್ರ ಖಂಡಿತ ಗೊತ್ತಾಗುತ್ತದೆ! ಎಳೆ ಸಸಿಗಳ ಮೇಲೆ ದಿನಾ ಹತ್ತಿಪ್ಪತ್ತು ಸಲ ಅಂಗೈ ಹಗುರವಾಗಿ ಸವರಿದರೆ ಅವು ಕುಳ್ಳಗೆ, ಗಟ್ಟಿಯಾಗಿ ಬೆಳೆಯುತ್ತವೆ, ಹೊರಗೆ ಗಾಳಿ ಮಾಡುವ ಕೆಲಸವನ್ನು ಒಳಗೆ ನಿಮ್ಮ ಕೈ ಮಾಡುತ್ತದೆ. 1973ರಲ್ಲಿ ಮಾರ್ಕ್ ಜಾಫ್ ಎಂಬ ವಿಜ್ಞಾನಿ ಇದಕ್ಕೆ ಥಿಗ್ಮೋಮಾರ್ಫೋಜೆನೆಸಿಸ್ ಅಂತ ಹೆಸರಿಟ್ಟರು. ಮತ್ತೆ, ಮಾತಾಡಿಸಲು ಹೋದವರು ಗಿಡದ ಹತ್ತಿರ ನಿಲ್ಲುತ್ತಾರೆ ಅಲ್ವಾ? ಎಲೆಯಡಿಯ ಹುಳು ಮೊದಲು ಕಾಣುವುದು ಅವರಿಗೇ. ಹಾಗಾಗಿ ಮಾತು ನಿಲ್ಲಿಸಬೇಡಿ.

ಗಿಡದಿಂದ ನಮಗೂ ಏನೋ ಬರುತ್ತದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಒಂದು ವೃದ್ಧಾಶ್ರಮದ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿನ ಹಿರಿಯರು ತಮ್ಮ ಗಿಡವನ್ನು ತಾವೇ ನೋಡಿಕೊಂಡರು, ಇನ್ನೊಂದು ಗುಂಪಿನವರ ಗಿಡಗಳಿಗೆ ದಾದಿಯರೇ ನೀರು ಹಾಕಿದರು. ತಾವೇ ನೋಡಿಕೊಂಡವರು ಜಾಸ್ತಿ ಚುರುಕಾಗಿ, ಖುಷಿಯಾಗಿ ಇದ್ದರು. ಅವರಿಗೆ ಬೇರೆ ವಿಷಯಗಳಲ್ಲೂ ಸ್ವಂತ ನಿರ್ಧಾರ ಬಿಟ್ಟುಕೊಟ್ಟಿದ್ದರು, ಹಾಗಾಗಿ ಪೂರ್ತಿ ಶ್ರೇಯ ಗಿಡಕ್ಕೇ ಕೊಡಲಾಗದು. ಆದರೂ ಆ ಕುಂಡ ತಮ್ಮ ಕೈಯಲ್ಲೇ ಇದ್ದದ್ದು ಸಣ್ಣ ಮಾತಲ್ಲ ಅನ್ನಿಸುತ್ತದೆ ನನಗೆ.

ಪ್ರಶ್ನೆ: ಒಳಗಿಟ್ಟ ಟೊಮೆಟೊ ಗಿಡ ಹೂ ಬಿಡುತ್ತದೆ, ಕಾಯಿ ಕಟ್ಟದೆ ಉದುರುತ್ತದೆ. ಯಾಕೆ?

ಉತ್ತರ: ಒಳಗೆ ಗಾಳಿ ಇಲ್ಲ, ದುಂಬಿ ಇಲ್ಲ. ಟೊಮೆಟೊ ಹೂವಿಗೆ ತನ್ನದೇ ಪರಾಗ ಸಾಕು, ಅದು ಉದುರಬೇಕಷ್ಟೆ. ನಡುಹಗಲಲ್ಲಿ ಹೂಗೊಂಚಲ ಹಿಂದೆ ಬೆರಳಿಂದ ಮೆಲ್ಲಗೆ ತಟ್ಟಿ, ಬ್ಯಾಟರಿ ಟೂತ್‌ಬ್ರಷ್ ತಾಗಿಸಿದರೆ ಇನ್ನೂ ಚೆನ್ನ. ಕೋಣೆಯ ಬಿಸಿ 32 ಡಿಗ್ರಿ ದಾಟಿದರೂ ಹೂ ಉದುರುತ್ತದೆ, ಅದನ್ನೂ ನೋಡಿಕೊಳ್ಳಿ.