ಬೋಂಡಾ ಬಯಸಿದ ಸ್ವಾಮಿ

ಪತ್ರ: ಆರ್.ಕೆ. ನಾರಾಯಣ್ ಅವರ 'ದಿ ಗೈಡ್' ಓದಿ ಮುಗಿಸಿ, ಅದೇ ಖುಷಿಯಲ್ಲಿ ದೇವಾನಂದ್ ಅಭಿನಯದ ಹಿಂದಿ 'ಗೈಡ್' ನೋಡಿದೆ. ಕಾದಂಬರಿಯ ಊರಾದ ಮಾಲ್ಗುಡಿಯ ಸುಳಿವೇ ಇಲ್ಲ! ಎಲ್ಲ ರಾಜಸ್ಥಾನದ ಅರಮನೆ, ಸರೋವರ. ಇದನ್ನು ಜನ ಶ್ರೇಷ್ಠ ಚಿತ್ರ ಅಂತಾರೆ. ಒಂದು ಊರನ್ನೇ ಅಳಿಸಿಹಾಕುವ ಹಕ್ಕು ಇವರಿಗೆ ಕೊಟ್ಟವರು ಯಾರು?
– ಓದುಗರು, ಮೈಸೂರು

ಸಂಪಾದಕರ ಉತ್ತರ: ಈ ಸಿಟ್ಟು ನಿಮ್ಮೊಬ್ಬರದೇ ಅಲ್ಲ. ನಾರಾಯಣ್ ಅವರಿಗೇ ಇತ್ತು. ಅವರು ಚಿತ್ರತಂಡವನ್ನು ಮೈಸೂರಿನ ಸುತ್ತಮುತ್ತ ಓಡಾಡಿಸಿ, ಕಾವೇರಿ ದಂಡೆಯ ಮೆಟ್ಟಿಲು, ಆಲದ ಮರದಡಿಯ ಪುಟ್ಟ ಗುಡಿ, ಗೋಪಾಲಸ್ವಾಮಿ ಬೆಟ್ಟ ಎಲ್ಲ ತೋರಿಸಿದ್ದರು. ತಂಡ ಎಲ್ಲವನ್ನೂ ನೋಡಿಕೊಂಡು ಹೋಗಿ, ಚಿತ್ರೀಕರಣ ಮಾಡಿದ್ದು ಉದಯಪುರದಲ್ಲಿ. ಬಣ್ಣದ ಚಿತ್ರಕ್ಕೆ ಅಲ್ಲಿನ ವೈಭವ ಬೇಕಿತ್ತಂತೆ. ನಾರಾಯಣ್ ಆಮೇಲೆ ಈ ಕತೆಯನ್ನು ಒಂದು ಪ್ರಬಂಧದಲ್ಲಿ ನಗುನಗುತ್ತಲೇ ಕುಟುಕಿ ಬರೆದರು. ತಮಾಷೆ ನೋಡಿ, ಅದೇ ಚಿತ್ರದ ಕಥೆಗೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು.

ಆದರೂ ಊರು ಬದಲಾಯಿತು ಅನ್ನುವ ತಕರಾರನ್ನು ನಾನು ಪೂರ್ತಿ ಒಪ್ಪಲಾರೆ. ಶಂಕರ್ ನಾಗ್ ದೂರದರ್ಶನಕ್ಕಾಗಿ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿದಾಗ ನಾವ್ಯಾರೂ ಜಗಳಕ್ಕೆ ಹೋಗಲಿಲ್ಲ. ಆ ಧಾರಾವಾಹಿಯ ಹುಡುಗ ಸ್ವಾಮಿ ಓಡಾಡಿದ ಬೀದಿ ನಮ್ಮದೇ ಅನ್ನಿಸಿತು, ಅಲ್ವಾ? ಆ ಬೀದಿಗೂ ಆ ಕತೆಗೂ ಅಳತೆ ಸರಿಹೋಗಿತ್ತು. ಅರಮನೆಯ ಪಕ್ಕ ನಾರಾಯಣರ ಜನರನ್ನು ನಿಲ್ಲಿಸಿದರೆ ಸರಿಹೋಗುವುದಿಲ್ಲ, ಅಷ್ಟೇ.

ನನಗೆ ಜಾಸ್ತಿ ಬೇಸರವಾಗಿದ್ದು ಕಥಾನಾಯಕ ರಾಜುವಿನ ವಿಷಯಕ್ಕೆ. ಕಾದಂಬರಿಯ ರಾಜು ಜೈಲಿನಿಂದ ಬಂದು ಹಳೇ ಗುಡಿಯೊಂದರಲ್ಲಿ ಕೂತವನು. ಹಳ್ಳಿಯವರು ಸ್ವಾಮಿ ಅಂದರು, ಊಟ ತಂದರು. ಇವನು ಸುಮ್ನೆ ಇದ್ದುಬಿಟ್ಟ. ಬರ ಬಂದು ಹಳ್ಳಿಯಲ್ಲಿ ಹೊಡೆದಾಟ ಶುರುವಾದಾಗ, ಜಗಳ ನಿಲ್ಲಿಸದಿದ್ದರೆ ಊಟ ಬಿಡುತ್ತೇನೆ ಅಂತ ಹೇಳಿ ಕಳಿಸುತ್ತಾನೆ. ಸುದ್ದಿ ಒಯ್ದ ಮಂಕು ಹುಡುಗ ಅದನ್ನು ಮಳೆ ಬರುವವರೆಗೆ ಉಪವಾಸ ಅಂತ ಮಾಡಿಬಿಡುತ್ತಾನೆ! ಆ ಹೊತ್ತಿಗೆ ನಮ್ಮ ಸ್ವಾಮಿಗಳು ಬೋಂಡಾ ತಿನ್ನುವ ಆಸೆಯಲ್ಲಿದ್ದರು. ಉಪವಾಸದ ಶುರುವಿನಲ್ಲಿ ಬಚ್ಚಿಟ್ಟ ತಂಗಳನ್ನು ಕದ್ದು ತಿಂದದ್ದೂ ಉಂಟು. ಆಮೇಲೆ, ಮಾಡುವುದಾದರೆ ಸರಿಯಾಗಿಯೇ ಮಾಡೋಣ ಅಂತ ಅವನಿಗೇ ಅನ್ನಿಸುತ್ತದೆ. ಕೊನೆಗೆ ನದಿಯಲ್ಲಿ ನಿಂತು, ಬೆಟ್ಟದಲ್ಲಿ ಮಳೆಯಾಗುತ್ತಿದೆ ಅನ್ನುತ್ತ ಕುಸಿಯುತ್ತಾನೆ. ಮಳೆ ಬಂತಾ? ರಾಜು ಸತ್ತನಾ? ನಾರಾಯಣ್ ಹೇಳುವುದಿಲ್ಲ.

ಅವರಿಗೆ ಈ ಕತೆ ಹೊಳೆದದ್ದು ಮೈಸೂರಿನ ಒಂದು ಬರಗಾಲದಿಂದ. ಮಳೆಗಾಗಿ ಬ್ರಾಹ್ಮಣರು ಕಾವೇರಿಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು 11 ದಿನ ಜಪ ಮಾಡಿದರು. 12ನೇ ದಿನ ಮಳೆ ಬಂತು. ನಿಜವಾಗಿ ಸುರಿದ ಮಳೆಯನ್ನು ಕಾದಂಬರಿಕಾರ ಪುಸ್ತಕದಲ್ಲಿ ಅನುಮಾನಕ್ಕೆ ಬಿಟ್ಟರು ನೋಡಿ!

ಚಿತ್ರಕ್ಕೆ ಅನುಮಾನ ಆಗಿಬರುವುದಿಲ್ಲ. ಅಲ್ಲಿ ಧಾರಾಕಾರ ಮಳೆ. ದೇಹ, ಆತ್ಮದ ಬಗ್ಗೆ ಭಾರಿ ಮಾತು. ರಾಜು ಮಹಾತ್ಮನಾಗಿ ಕಣ್ಣುಮುಚ್ಚುತ್ತಾನೆ. ಕಥಾನಾಯಕಿ ರೋಸಿಯ ಗಂಡ ಮಾರ್ಕೋನ ಕತೆಯೂ ಹೀಗೆಯೇ. ಪುಸ್ತಕದಲ್ಲಿ ಅವನು ಗುಹೆಯ ಚಿತ್ರಗಳಲ್ಲಿ ಮುಳುಗಿ ಹೆಂಡತಿಯನ್ನು ಮರೆತ ಒಣ ಮನುಷ್ಯ. ಚಿತ್ರದಲ್ಲಿ ಅವನಿಗೆ ಹೆಣ್ಣಿನ ಚಪಲವನ್ನೂ ಅಂಟಿಸಿದರು. 1965ರ ನಾಯಕಿ ಗಂಡನನ್ನು ಬಿಟ್ಟು ಬರಬೇಕಾದರೆ ಗಂಡ ಕೆಟ್ಟವನೇ ಆಗಬೇಕಿತ್ತು. ನಾರಾಯಣ್ ರೋಸಿಗೆ ಅಂಥ ಸುಲಭದ ನೆಪ ಕೊಟ್ಟಿರಲಿಲ್ಲ.

ಹಾಗಂತ ಎಸ್.ಡಿ. ಬರ್ಮನ್ ಸಂಗೀತ, ವಹೀದಾ ರೆಹಮಾನ್ ನೃತ್ಯವನ್ನು ಬಿಡಲು ನಾನು ತಯಾರಿಲ್ಲ. ಅವುಗಳಿಗಾಗಿ ನಾಳೆಯೂ ನೋಡುತ್ತೇನೆ. ಶ್ರೇಷ್ಠ ಚಿತ್ರ ಅನ್ನುವವರ ಜೊತೆ ನನ್ನ ಜಗಳವಿಲ್ಲ. ಅದು ನಾರಾಯಣರ ಕತೆ ಅಂದರೆ ಮಾತ್ರ ಒಪ್ಪುವುದು ಕಷ್ಟ.

ನೀವು ನಾಗಾಭರಣರ 'ಬ್ಯಾಂಕರ್ ಮಾರ್ಗಯ್ಯ' ನೋಡಿದ್ದೀರಾ? ಅದೂ ನಾರಾಯಣರ ಕಾದಂಬರಿಯೇ, 1983ರ ಕನ್ನಡ ಚಿತ್ರ. ಲೋಕೇಶರ ಮಾರ್ಗಯ್ಯ ಮಹಾತ್ಮನೂ ಅಲ್ಲ, ಖಳನೂ ಅಲ್ಲ. ನೋಡಿ, ಇಷ್ಟವಾಗದಿದ್ದರೆ ಮತ್ತೆ ಬರೆಯಿರಿ. ಆ ಪತ್ರವನ್ನೂ ಹಾಕುತ್ತೇವೆ.